ಸಿ1 ಮನೆಯ ಒಂಟೆಗೆ ದಾರಿ ಯಾವುದು?

ಬಿಳಿ ಕಾಯಿ ಹಿಡಿದವರು ಮೊದಲ ನಡೆಯಲ್ಲೇ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ, ಡಿ4ಕ್ಕೆ, ಇಟ್ಟರು ಎನ್ನಿ. ಅದರ ಬೆನ್ನಿಗೆ ರಾಣಿ ಇದ್ದಾಳೆ, ಹಾಗಾಗಿ ಅದು ಒಡನೆ ಬೀಳುವ ಕಾಲಾಳಲ್ಲ. ಅದನ್ನು ಇನ್ನಷ್ಟು ಭದ್ರಪಡಿಸಿ, ರಾಜನ ಪಕ್ಕದ ಒಂಟೆಗೆ ದಾರಿ ಬಿಡಲು ಇ3 ಆಡುವುದು ಸಹಜ. ಆಡಿದ ಮರುಕ್ಷಣವೇ ಇನ್ನೊಂದು ಒಂಟೆ, ಸಿ1 ಮನೆಯದು, ಒಳಗೇ ಉಳಿದುಬಿಡುತ್ತದೆ. ಎಡಕ್ಕೆ ಬಿ2ರ ಕಾಲಾಳು, ಬಲಕ್ಕೆ ಇ3ರ ಕಾಲಾಳು. ಡಿ2ಕ್ಕೆ ಒಂದು ಹೆಜ್ಜೆ ಇಡಬಹುದು, ಅಲ್ಲಿಂದಾಚೆ ಕಾಣುವುದೇನೂ ಇಲ್ಲ. ಹತ್ತು ನಡೆ ಕಳೆದರೂ ಅದು ಕದಲದಿದ್ದರೆ ಅದರ ಹಿಂದಿನ ಆನೆಯೂ ಮೂಲೆಯಲ್ಲೇ ಕೂತಿರುತ್ತದೆ. ಅಂದರೆ ನೀವು ಎರಡು ಕಾಯಿ ಕಡಿಮೆ ಇಟ್ಟುಕೊಂಡು ಆಡುತ್ತಿದ್ದೀರಿ.

ರಾಣಿ ಕಾಲಾಳಿನ ಸರಳ ಓಪನಿಂಗ್‌ಗಳೆಂದು ಹೆಸರಾದ ಲಂಡನ್, ಕೋಲೆ, ಝುಕರ್‌ಟೋರ್ಟ್, ಟೊರೆ, ಟ್ರಾಂಪೋವ್‌ಸ್ಕಿ, ಸ್ಟೋನ್‌ವಾಲ್, ಜೊಬಾವ ಎಲ್ಲವೂ ಈ ಒಂದೇ ಒಂಟೆಯ ಪ್ರಶ್ನೆಗೆ ಬೇರೆ ಬೇರೆಯವರು ಕೊಟ್ಟ ಉತ್ತರಗಳು. ಯಾವುದನ್ನು ಕಲಿಯಲಿ ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಕಪ್ಪು ಮನೆಯ ಒಂಟೆ ಎಲ್ಲಿ ನಿಂತರೆ ನಿಮಗೆ ನೆಮ್ಮದಿ? ಇದಕ್ಕೆ ಉತ್ತರ ಹೊಳೆದರೆ ಓಪನಿಂಗ್ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ಡಿ4 ಆದಮೇಲೆ ಸಿ4 ಆಡಿದರೆ ಅದು ಕ್ವೀನ್ಸ್ ಗ್ಯಾಂಬಿಟ್‌ನ ದೊಡ್ಡ ಲೋಕ. ಅಲ್ಲಿ ಕಪ್ಪಿನವರಿಗೆ ಆಯ್ಕೆ ಬಹಳ. ಕಾಲಾಳನ್ನು ತೆಗೆದುಕೊಳ್ಳಬಹುದು, ತೆಗೆದುಕೊಳ್ಳದೆ ಇ6 ಆಡಬಹುದು, ಸಿ6 ಆಡಿ ಸ್ಲಾವ್‌ಗೆ ಹೋಗಬಹುದು, ನಿಮ್ಜೊ ಇಂಡಿಯನ್, ಕಿಂಗ್ಸ್ ಇಂಡಿಯನ್, ಗ್ರುನ್‌ಫೆಲ್ಡ್, ಬೆನೋನಿ ಎಂದು ಒಂದೊಂದು ದಿಕ್ಕಿಗೆ ತಿರುಗಬಹುದು. ಪ್ರತಿಯೊಂದಕ್ಕೂ ಬೇರೆ ಓದು ಬೇಕು. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಒಂದು ಗಂಟೆ ಆಡುವವರಿಗೆ, ಶಾಲೆ, ಹೋಂವರ್ಕ್, ಪರೀಕ್ಷೆಗಳ ನಡುವೆ ಭಾನುವಾರದ ಟೂರ್ನಿಗೆ ಬರುವ ಮಕ್ಕಳಿಗೆ ಅಷ್ಟು ಸಮಯ ಎಲ್ಲಿದೆ? ಸಿಸ್ಟಂ ಎಂಬುದು ಹುಟ್ಟಿಕೊಂಡದ್ದೇ ಇಲ್ಲಿ. ಎದುರಾಳಿ ಏನೇ ಆಡಲಿ, ಬಹುಪಾಲು ಅದೇ ಏಳೆಂಟು ನಡೆಗಳಲ್ಲಿ ನಮ್ಮ ಕಾಯಿಗಳನ್ನು ನಮಗೆ ಗೊತ್ತಿರುವ ಜಾಗಗಳಲ್ಲಿ ನಿಲ್ಲಿಸುವುದು, ಆಮೇಲೆ ಆಟಕ್ಕಿಳಿಯುವುದು.

ಇದು ನಮಗೆ ಹೊಸ ಯೋಚನೆಯೂ ಅಲ್ಲ. ಹಳೆಯ ದೇಶಿ ಕ್ರಮದ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು. ಈಗಿನ ಕ್ಯಾಸ್ಲಿಂಗ್ ಇರಲಿಲ್ಲ, ಬದಲಿಗೆ ರಾಜ ಒಮ್ಮೆ ಕುದುರೆಯಂತೆ ನೆಗೆಯಬಹುದಿತ್ತು. ಎರಡು ಕಡೆಯ ಕಾಲಾಳುಗಳು ಎದುರುಬದುರಾಗಲು ಹೊತ್ತು ಹಿಡಿಯುತ್ತಿದ್ದುದರಿಂದ ಆಡುವವರು ಮೊದಲು ತಮ್ಮ ವ್ಯೂಹ ಕಟ್ಟಿಕೊಳ್ಳುತ್ತಿದ್ದರು. ಅರಬರ ಶತರಂಜಿನಲ್ಲೂ ಹೀಗೆಯೇ. ಅಲ್ಲಿ ಇಂಥ ವ್ಯೂಹಗಳಿಗೆ ತಾಬಿಯಾ ಎಂದು ಹೆಸರಿತ್ತು, ಚೆಸ್ ಆಡುವವರು ಆ ಪದವನ್ನು ಈಗಲೂ ಬಳಸುತ್ತಾರೆ.

ದೇಶಿ ನಿಯಮಗಳಲ್ಲಿ ಆಟ ಕಲಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929ರಲ್ಲಿ ಇಂಗ್ಲೆಂಡಿಗೆ ಹೋದರು. ಯುರೋಪಿನವರಿಗೆ ಹೋಲಿಸಿದರೆ ಅವರ ಓಪನಿಂಗ್ ಓದು ತೀರ ಕಡಿಮೆ. ಆದರೂ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಹೇಸ್ಟಿಂಗ್ಸ್‌ನ 1930–31ರ ಟೂರ್ನಿಯಲ್ಲಿ ಕಪಾಬ್ಲಾಂಕ ಅವರನ್ನೇ ಸೋಲಿಸಿದರು. ಫಿಡೆ 2024ರಲ್ಲಿ ಅವರಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ಓಪನಿಂಗ್‌ನಲ್ಲಿ ದೊಡ್ಡ ಲಾಭ ಸಿಗದಿದ್ದರೂ ಮುಂದೆ ಚೆನ್ನಾಗಿ ಆಡಿದವರು ಗೆಲ್ಲುತ್ತಾರೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಹೊರಗೆ ಬಂದ ಒಂಟೆ

ಲಂಡನ್ ಸಿಸ್ಟಂ ಕೊಡುವ ಉತ್ತರ ನೇರ: ಬಾಗಿಲು ಮುಚ್ಚುವ ಮೊದಲು ಒಂಟೆಯನ್ನು ಹೊರಗೆ ತನ್ನಿ. ಡಿ4, ಒಡನೆ ಒಂಟೆ ಎಫ್4ಕ್ಕೆ, ಆಮೇಲೆ ಇ3. ಮುಂದೆ ಸಿ3, ರಾಣಿ ಪಕ್ಕದ ಕುದುರೆ ಡಿ2ಕ್ಕೆ, ರಾಜನ ಪಕ್ಕದ ಕುದುರೆ ಎಫ್3ಕ್ಕೆ, ಇನ್ನೊಂದು ಒಂಟೆ ಡಿ3ಕ್ಕೆ. ಬಿ2, ಸಿ3, ಡಿ4, ಇ3, ಎಫ್2 ಕಾಲಾಳುಗಳು ಒಂದು ಗೋಪುರದ ಆಕಾರದಲ್ಲಿ ನಿಲ್ಲುತ್ತವೆ. ಒಂದಕ್ಕೊಂದು ಆಸರೆ.

ಈ ವಿನ್ಯಾಸವನ್ನು 1880ರ ದಶಕದಲ್ಲೇ ಜೇಮ್ಸ್ ಮೇಸನ್ ಆಡುತ್ತಿದ್ದರು. ಹೆಸರು ಬಂದದ್ದು 1922ರ ಲಂಡನ್ ಟೂರ್ನಿಯಿಂದ, ಅಲ್ಲಿ ಹಲವರು ಇದನ್ನು ಆಡಿದ್ದರು. ದೊಡ್ಡವರು ಬಹುಕಾಲ ಇದನ್ನು ಕ್ಲಬ್ ಆಟಗಾರರ ಓಪನಿಂಗ್ ಎಂದು ಬದಿಗಿಟ್ಟಿದ್ದರು. ಗಾಟಾ ಕಾಮ್‌ಸ್ಕಿ ಪಟ್ಟು ಹಿಡಿದು ಆಡಿ ಗೆಲ್ಲತೊಡಗಿದರು, ಮ್ಯಾಗ್ನಸ್ ಕಾರ್ಲ್‌ಸನ್ ಕೂಡ ಕೈಗೆತ್ತಿಕೊಂಡರು. 2023ರಲ್ಲಿ ಅಸ್ತಾನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟದಲ್ಲಿ ಡಿಂಗ್ ಲಿರೆನ್ ಇದನ್ನೇ ಆಡಿ ನೆಪೊಮ್‌ನಿಯಾಚಿಯನ್ನು ಸೋಲಿಸಿದರು. ಮರುವರ್ಷ ಸಿಂಗಪುರದಲ್ಲಿ ನಮ್ಮ ಗುಕೇಶ್ ಎದುರಿನ ಆರನೇ ಆಟದಲ್ಲೂ ಡಿಂಗ್ ಲಂಡನ್ ಆಡಿದರು, ಅದು ಡ್ರಾ ಆಯಿತು. ಇದು ಸಣ್ಣವರ ಓಪನಿಂಗ್ ಎಂದು ಯಾರಾದರೂ ಹೇಳಿದರೆ ನೀವು ಅಳುಕಬೇಕಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಮೋಸವಾದೀತು. ಏಕೆಂದರೆ ಲಂಡನ್ ಆಡಿ ಸೋಲುವವರು ಬಹುತೇಕ ಒಂದೇ ಕಾರಣಕ್ಕೆ ಸೋಲುತ್ತಾರೆ: ಗೋಪುರ ಕಟ್ಟಿ ಮುಗಿಸಿ, ಮುಂದೇನು ಎಂದು ಗೊತ್ತಿಲ್ಲದೆ ಎ3, ಎಚ್3 ಎಂದು ಕಾಲ ಕಳೆಯುತ್ತಾರೆ. ಕಟ್ಟಿದ್ದು ಏಕೆ ಎಂಬುದು ತಿಳಿದಿರಬೇಕು. ಲಂಡನ್ನಿನ ಜೀವ ಇರುವುದು ಇ5 ಮನೆಯಲ್ಲಿ. ಡಿ4ರ ಕಾಲಾಳು, ಎಫ್4ರ (ಅಥವಾ ಜಿ3ಕ್ಕೆ ಸರಿದ) ಒಂಟೆ, ಎಫ್3ರ ಕುದುರೆ, ಮೂರೂ ನೋಡುತ್ತಿರುವುದು ಅದೇ ಮನೆಯನ್ನು. ಕುದುರೆ ಇ5ಕ್ಕೆ ನೆಗೆದು ಕೂತರೆ ಆಟದ ಬಣ್ಣವೇ ಬದಲಾಗುತ್ತದೆ. ಕಪ್ಪಿನವರು ಸಿ6 ಅಥವಾ ಡಿ7ರ ಕುದುರೆಯಿಂದ ಅದನ್ನು ಹೊಡೆದರೆ ನಮ್ಮ ಡಿ4ರ ಕಾಲಾಳು ಇ5ಕ್ಕೆ ಬಂದು ತಿರುಗಿ ಹೊಡೆಯುತ್ತದೆ. ಆಗ ಅವರ ಒಂಟೆ ಡಿ6ರಲ್ಲಿ, ಕುದುರೆ ಎಫ್6ರಲ್ಲಿ ಇದ್ದರೆ ಎರಡಕ್ಕೂ ಒಮ್ಮೆಗೇ ಏಟು. ನಾನು ಆಡಿದ ಎಷ್ಟೋ ಆಟಗಳು ಹತ್ತನೇ ನಡೆಯ ಆಸುಪಾಸಿನಲ್ಲಿ ಈ ಕವಲು ಏಟಿನಿಂದಲೇ ತೀರ್ಮಾನವಾಗಿವೆ. ಹೊಡೆಯದೆ ಸುಮ್ಮನಿದ್ದರೆ ನಾವು, ಒಂಟೆ ಜಿ3ರಲ್ಲಿದ್ದಾಗ, ಎಫ್4ಕ್ಕೆ ಕಾಲಾಳು ತಂದು ಕುದುರೆಗೆ ಬುಡ ಗಟ್ಟಿ ಮಾಡಿ, ರಾಣಿಯನ್ನು ಎಫ್3ಕ್ಕೆ ಸರಿಸಿ, ಅವರ ರಾಜನ ಕಡೆ ಹೊರಡಬಹುದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಪ್ಪಿನವರು ತಮ್ಮ ಒಂಟೆಯನ್ನು ಡಿ6ಕ್ಕೆ ತಂದು ನಮ್ಮ ಒಂಟೆಗೆ ಎದುರು ನಿಲ್ಲಿಸುತ್ತಾರೆ. ಹೆಚ್ಚಿನವರು ಗಾಬರಿಯಿಂದ ತಾವೇ ಹೊಡೆದು ಅದಲುಬದಲು ಮಾಡಿಬಿಡುತ್ತಾರೆ. ಬೇಡ. ಒಂಟೆಯನ್ನು ಜಿ3ಕ್ಕೆ ಹಿಂದೆ ತನ್ನಿ. ಅವರು ಅಲ್ಲಿ ಹೊಡೆದರೆ ಎಚ್ ಸಾಲಿನ ಕಾಲಾಳಿನಿಂದ ತಿರುಗಿ ಹೊಡೆಯಿರಿ. ಎಚ್1ರ ಆನೆಗೆ ಇಡೀ ಸಾಲು ತೆರೆದುಕೊಳ್ಳುತ್ತದೆ, ಅದರ ನೋಟ ನೇರ ಎಚ್7ರ ಮೇಲೆ. ಇದಕ್ಕಾಗಿಯೇ ಲಂಡನ್ನಿನಲ್ಲಿ ಕ್ಯಾಸ್ಲಿಂಗ್‌ಗೆ ಅವಸರ ಮಾಡಬಾರದು. ಮಕ್ಕಳಿಗೆ ಬೇಗ ಕ್ಯಾಸ್ಲಿಂಗ್ ಮಾಡಿ ಎಂದೇ ಕಲಿಸಿರುತ್ತೇವೆ, ಹಾಗಾಗಿ ಈ ಮಾತು ಅವರಿಗೆ ಒಪ್ಪಿಸಲು ತುಸು ಕಷ್ಟ. ಆನೆ ಎಚ್1ರಲ್ಲೇ ಇದ್ದಾಗ ಆ ಸಾಲು ತೆರೆದರೆ ಏನಾಗುತ್ತದೆ ಎಂಬುದನ್ನು ಹಲಗೆಯ ಮೇಲೆ ಒಮ್ಮೆ ತೋರಿಸಿದರೆ ಸಾಕು, ಮರೆಯುವುದಿಲ್ಲ.

ಕಪ್ಪಿನವರ ಅತಿ ಚುರುಕಾದ ಉತ್ತರ ಸಿ5 ಮತ್ತು ರಾಣಿ ಬಿ6. ಒಂಟೆ ಹೊರಗೆ ಹೋದಮೇಲೆ ಬಿ2ರ ಕಾಲಾಳಿಗೆ ಕಾವಲಿಲ್ಲ ಎಂಬುದನ್ನು ಅವರು ಹಿಡಿದಿದ್ದಾರೆ. ಲಂಡನ್‌ಗೆ ತೆರಬೇಕಾದ ಬೆಲೆ ಇದೇ. ಇದಕ್ಕೆ ಸರಳ ಉತ್ತರ ನಮ್ಮ ರಾಣಿಯನ್ನು ಬಿ3ಕ್ಕೆ ತರುವುದು. ಅವರು ಸಿ4 ಎಂದು ಕಾಲಾಳು ತಳ್ಳಿ ನಮ್ಮ ರಾಣಿಯನ್ನು ಓಡಿಸಿದರೆ ಸಿ2ಕ್ಕೆ ಹೋಗುತ್ತೇವೆ. ಆಗ ಒಂದು ಹೊಂಚು ಕಾದಿರುತ್ತದೆ: ಅವರು ತಮ್ಮ ಒಂಟೆಯನ್ನು ಎಫ್5ಕ್ಕೆ, ನಮ್ಮ ರಾಣಿಯ ಬಾಯಿಗೇ ತಂದು ಇಡುತ್ತಾರೆ. ಪುಕ್ಕಟೆ ಸಿಕ್ಕಿತೆಂದು ರಾಣಿ ಅದನ್ನು ಹೊಡೆದರೆ, ಅವರ ರಾಣಿ ಬಿ2ರ ಕಾಲಾಳನ್ನು ತೆಗೆದುಕೊಂಡು ಮೂಲೆಯ ಆನೆಯ ಎದುರು ನಿಲ್ಲುತ್ತಾಳೆ, ಆ ಆನೆ ಉಳಿಯುವುದಿಲ್ಲ. ಒಂದು ರ‍್ಯಾಪಿಡ್ ಟೂರ್ನಿಯ ಕೊನೆಯ ಸುತ್ತಿನಲ್ಲಿ, ಗಡಿಯಾರದಲ್ಲಿ ಸಮಯ ಬೇಕಾದಷ್ಟಿದ್ದಾಗಲೇ, ನಾನು ಆ ಒಂಟೆಯನ್ನು ಹೊಡೆದೆ. ಆ ಸೋಲು ನನಗೆ ಈ ನಡೆಯನ್ನು ಶಾಶ್ವತವಾಗಿ ಕಲಿಸಿತು. ಒಂಟೆ ಎಫ್5ಕ್ಕೆ ಬಂದಾಗ ರಾಣಿಯನ್ನು ಸಿ1ಕ್ಕೆ ಹಿಂದೆ ತನ್ನಿ. ನೋಡಲು ಹಿಮ್ಮೆಟ್ಟಿದಂತಿದ್ದರೂ ನಷ್ಟವಿಲ್ಲ.

ಕಪ್ಪಿನವರೂ ನಮ್ಮಂತೆಯೇ ತಮ್ಮ ಒಂಟೆಯನ್ನು ಎರಡನೇ ನಡೆಯಲ್ಲೇ ಎಫ್5ಕ್ಕೆ ತಂದರೆ? ಆಗ ಸಿ3 ಆಡಬೇಡಿ. ಇ3 ಆದಮೇಲೆ ಸಿ4 ಆಡಿ, ರಾಣಿಯನ್ನು ಬಿ3ಕ್ಕೆ ತನ್ನಿ. ಅವರ ಒಂಟೆ ಮನೆ ಬಿಟ್ಟದ್ದರಿಂದ ಬಿ7ರ ಕಾಲಾಳು ಒಂಟಿಯಾಗಿದೆ. ನಮಗೆ ಅವರು ಮಾಡಬೇಕೆಂದಿದ್ದುದನ್ನೇ ನಾವು ಅವರಿಗೆ ಒಂದು ನಡೆ ಮೊದಲು ಮಾಡುತ್ತಿದ್ದೇವೆ.

ಕಿಂಗ್ಸ್ ಇಂಡಿಯನ್ ಆಡುವವರು ಜಿ6 ಆಡಿ ಒಂಟೆಯನ್ನು ಜಿ7ಕ್ಕೆ ತಂದು, ಡಿ6 ಆಡಿ, ಇ5ಕ್ಕೆ ತಯಾರಾಗುತ್ತಾರೆ. ಅವರೆದುರು ಒಂಟೆಯನ್ನು ಡಿ3ರ ಬದಲು ಇ2ಕ್ಕೆ ಇಡಿ, ಎಚ್3 ಆಡಿ ಎಫ್4ರ ಒಂಟೆಗೆ ಎಚ್2ರಲ್ಲಿ ಒಂದು ಗೂಡು ಮಾಡಿಕೊಡಿ. ಇಲ್ಲಿ ಎಚ್3 ಕಾಲಹರಣವಲ್ಲ, ಕುದುರೆ ಎಚ್5ಕ್ಕೆ ಬಂದು ಒಂಟೆಯನ್ನು ಬೇಟೆಯಾಡದಂತೆ ತಡೆಯುವ ನಡೆ. ಅವರು ರಾಜನ ಕಡೆ ನುಗ್ಗಿದರೆ ನಮ್ಮ ಕಾಲಾಳುಗಳು ರಾಣಿಯ ಕಡೆ ಮುಂದೆ ಸಾಗಬೇಕು. ಇನ್ನು ಡಚ್ ಡಿಫೆನ್ಸ್ ಎಂದು ಎಫ್5 ಆಡುವವರು ನಮಗೆ ಉಪಕಾರವನ್ನೇ ಮಾಡುತ್ತಾರೆ. ಎಫ್6 ಆಡಿ ಇ5ರ ಕುದುರೆಯನ್ನು ಓಡಿಸುವ ಅವಕಾಶವನ್ನು ಅವರು ಕೈಯಾರೆ ಕಳೆದುಕೊಂಡಿರುತ್ತಾರೆ.

ಮನೆಯಲ್ಲೇ ಕಾದ ಒಂಟೆ

ಕೋಲೆ ಸಿಸ್ಟಂನ ಉತ್ತರ ಬೇರೆ. ಒಂಟೆ ಸದ್ಯಕ್ಕೆ ಒಳಗೇ ಇರಲಿ, ಸಮಯ ಬಂದಾಗ ಬಾಗಿಲನ್ನೇ ತೆಗೆಯೋಣ. ಡಿ4, ಕುದುರೆ ಎಫ್3, ಇ3, ಒಂಟೆ ಡಿ3, ಸಿ3, ಕುದುರೆ ಡಿ2, ಕ್ಯಾಸ್ಲಿಂಗ್, ಆನೆ ಇ1. ಎಲ್ಲ ಸಿದ್ಧವಾದಮೇಲೆ ಇ3ರ ಕಾಲಾಳು ಇ4ಕ್ಕೆ. ಕಾಲಾಳುಗಳು ಅದಲುಬದಲಾಗುತ್ತವೆ, ಇ ಸಾಲು ಆನೆಗೆ ತೆರೆಯುತ್ತದೆ, ಸಿ1ರ ಒಂಟೆಗೆ ಕುಳಿತಲ್ಲಿಂದಲೇ ಎಚ್6ರವರೆಗೆ ದಾರಿ ಕಾಣುತ್ತದೆ.

ಎಡ್ಗರ್ ಕೋಲೆ ಬೆಲ್ಜಿಯಂನ ಘೆಂಟ್ ಪಟ್ಟಣದವರು, 1897ರಲ್ಲಿ ಹುಟ್ಟಿದವರು. ಹೊಟ್ಟೆಯ ಹುಣ್ಣಿನಿಂದ ನರಳಿ, 1932ರಲ್ಲಿ ಮೂವತ್ತನಾಲ್ಕನೇ ವಯಸ್ಸಿಗೆ ತೀರಿಕೊಂಡರು. ಅಷ್ಟು ದುರ್ಬಲ ಶರೀರದ ಮನುಷ್ಯ ಹಲಗೆಯ ಮೇಲೆ ಮಾಡುತ್ತಿದ್ದ ದಾಳಿ ನೋಡಿದರೆ ಮನಸ್ಸು ತುಂಬುತ್ತದೆ. 1930ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಐರ್ಲೆಂಡಿನ ಓಹ್ಯಾನ್‌ಲನ್ ವಿರುದ್ಧ ಅವರು ಆಡಿದ ಆಟವನ್ನು ಕೋಲೆ ಕಲಿಯುವವರೆಲ್ಲ ಹಲಗೆಯ ಮೇಲೆ ಆಡಿ ನೋಡಲೇಬೇಕು. ಒಂಬತ್ತನೇ ನಡೆ ಇ4. ಮೂರೇ ನಡೆಗಳ ನಂತರ, ಹನ್ನೆರಡನೆಯದರಲ್ಲಿ, ಬಿಳಿ ಮನೆಯ ಒಂಟೆ ಎಚ್7ರ ಕಾಲಾಳನ್ನು ಹೊಡೆದು ಚೆಕ್ ಕೊಟ್ಟು ಬಲಿಯಾಗುತ್ತದೆ. ರಾಜ ಅದನ್ನು ತೆಗೆದುಕೊಂಡ ಕೂಡಲೇ ಕುದುರೆ ಜಿ5ಕ್ಕೆ, ಮತ್ತೆ ಚೆಕ್. ಆ ಕುದುರೆಯನ್ನು ಯಾರೇ ಬಂದು ಹೊಡೆದರೂ ತಿರುಗಿ ಹೊಡೆಯಲು ಸಿದ್ಧವಾಗಿದ್ದವರು ಯಾರು? ಹದಿಮೂರು ನಡೆಗಳಲ್ಲಿ ಒಮ್ಮೆಯೂ ಕದಲದೆ ಸಿ1ರಲ್ಲೇ ಕೂತಿದ್ದ ಒಂಟೆ. ಸಿಕ್ಕಿಬಿದ್ದಿದೆ ಎಂದು ನಾವು ಮರುಗುತ್ತಿದ್ದ ಕಾಯಿಯೇ ದಾಳಿಯ ಬೆನ್ನೆಲುಬಾಯಿತು.

ಕೋಲೆಯ ಸ್ನೇಹಿತರೂ ಅದೇ ದೇಶದವರೂ ಆದ ಜಾರ್ಜ್ ಕೋಲ್ಟನೋವ್‌ಸ್ಕಿ ಈ ಸಿಸ್ಟಂ ಅನ್ನು ಮುಂದುವರಿಸಿ ಆಡಿದರು, ಅದರ ಬಗ್ಗೆ ಬರೆದರು. ಅವರು ಕಣ್ಣು ಕಟ್ಟಿ ಆಡುವುದರಲ್ಲಿ ಪ್ರಸಿದ್ಧರು, 1937ರಲ್ಲಿ ಎಡಿನ್‌ಬರೋದಲ್ಲಿ ಹಲಗೆ ನೋಡದೆ ಏಕಕಾಲಕ್ಕೆ 34 ಆಟ ಆಡಿದವರು. ಕೋಲೆಯ ಮಾತು ಹಳೆಯ ಕಾಲಕ್ಕೇ ಮುಗಿಯಲೂ ಇಲ್ಲ. ಅಸ್ತಾನಾದಲ್ಲಿ ಡಿಂಗ್ ಆರನೇ ಆಟ ಲಂಡನ್‌ನಿಂದ ಗೆದ್ದರೆ, ಹಿಂದೆ ಬಿದ್ದಿದ್ದ ಹೊತ್ತಿನಲ್ಲಿ ಹನ್ನೆರಡನೇ ಆಟದಲ್ಲಿ ಕೋಲೆಯ ವಿನ್ಯಾಸ ಆಡಿ ಗೆದ್ದರು. ಹದಿನಾಲ್ಕು ಆಟಗಳು 7–7ಕ್ಕೆ ಸಮವಾಗಿ, ರ‍್ಯಾಪಿಡ್ ಆಟಗಳಲ್ಲಿ ಗೆದ್ದು ವಿಶ್ವ ಚಾಂಪಿಯನ್ ಆದರು. ಒಂದೇ ಪಂದ್ಯದಲ್ಲಿ ರಾಣಿ ಕಾಲಾಳಿನ ಎರಡು ಸರಳ ಸಿಸ್ಟಂಗಳು ಅಷ್ಟು ದೊಡ್ಡ ಕೆಲಸ ಮಾಡಿದವು.

ಕೋಲೆಯ ಮಿತಿಯನ್ನೂ ಹೇಳಬೇಕು. ಕಪ್ಪಿನವರು ಡಿ5, ಇ6 ಆಡಿ ತಮ್ಮ ಬಿಳಿ ಮನೆಯ ಒಂಟೆಯನ್ನು ತಾವೇ ಒಳಗೆ ಕೂಡಿಹಾಕಿಕೊಂಡಾಗ ಮಾತ್ರ ಈ ಸಿಸ್ಟಂಗೆ ಪೂರ್ತಿ ಬಲ. ಅವರು ಆ ಒಂಟೆಯನ್ನು ಎಫ್5ಕ್ಕೆ ಅಥವಾ ಜಿ4ಕ್ಕೆ ತಂದರೆ ಡಿ3ರ ನಮ್ಮ ಒಂಟೆಯ ಹರಿತ ಕಡಿಮೆಯಾಗುತ್ತದೆ, ಆಗ ಸಿ4 ಮತ್ತು ರಾಣಿ ಬಿ3 ಎಂಬ ಹಳೆಯ ಔಷಧಿಯೇ ಸರಿ. ಜಿ6 ಆಡಿದರೆ ಎಚ್7ರ ಕಡೆಯ ದಾರಿಗೆ ಗೋಡೆ ಎದ್ದಂತೆ. ಅಲ್ಲಿಯೂ ಹಟದಿಂದ ಅದೇ ನಡೆಗಳನ್ನು ಆಡಿದರೆ ನಮ್ಮ ಕಾಯಿಗಳು ಯಾವ ಗುರಿಯೂ ಇಲ್ಲದೆ ನಿಲ್ಲುತ್ತವೆ.

ಇದರ ಸೋದರ ಸಿಸ್ಟಂ ಒಂದಿದೆ, ಝುಕರ್‌ಟೋರ್ಟ್ ಹೆಸರಿನದು. ಸಿ3 ಬದಲು ಬಿ3 ಆಡಿ ಒಂಟೆಯನ್ನು ಬಿ2ಕ್ಕೆ ಇಡುವುದು. ಅಲ್ಲಿಂದ ಇಡೀ ಉದ್ದ ಕರ್ಣ ಅದರದು, ನಮ್ಮದೇ ಡಿ4 ಕಾಲಾಳು ಮಾತ್ರ ಅಡ್ಡ. 1883ರ ಲಂಡನ್ ಟೂರ್ನಿಯಲ್ಲಿ ಝುಕರ್‌ಟೋರ್ಟ್ ಬ್ಲ್ಯಾಕ್‌ಬರ್ನ್ ವಿರುದ್ಧ ರಾಣಿಯನ್ನೇ ಪಣಕ್ಕಿಟ್ಟು ಗೆದ್ದ ಆಟ ಬಹಳ ಹೆಸರಾದದ್ದು. ಆ ಆಟ ಡಿ4ರಿಂದ ಶುರುವಾಗಲಿಲ್ಲ, ಆದರೆ ಒಂಬತ್ತನೇ ನಡೆಯಲ್ಲಿ ಬಿ2ಕ್ಕೆ ಬಂದು ಕೂತ ಒಂಟೆ ಕೊನೆಯಲ್ಲಿ ಹೊರಬಿದ್ದು ಒಂದರ ಮೇಲೊಂದು ಚೆಕ್ ಕೊಡುವುದನ್ನು ನೋಡಿದವರಿಗೆ ಬಿ2ರ ಬೆಲೆ ತಿಳಿಯುತ್ತದೆ. ತಾಳ್ಮೆ ಇರುವವರಿಗೆ ಇದು ಕೋಲೆಗಿಂತಲೂ ಹೊಂದುತ್ತದೆ ಎಂಬುದು ನನ್ನ ಅನಿಸಿಕೆ.

ಜಿ5ಕ್ಕೆ ಹೋದ ಒಂಟೆ

ಕಪ್ಪಿನವರು ಕುದುರೆಯನ್ನು ಎಫ್6ಕ್ಕೆ ತಂದಿದ್ದರೆ ಅದನ್ನು ಕೆಣಕಲು ಒಂಟೆಯನ್ನು ಜಿ5ಕ್ಕೆ ತರಬಹುದು. ಮೊದಲು ನಮ್ಮ ಕುದುರೆಯನ್ನು ಎಫ್3ಕ್ಕೆ ತಂದು ಆಮೇಲೆ ಜಿ5ಕ್ಕೆ ಹೋದರೆ ಟೊರೆ ಅಟ್ಯಾಕ್, ಎರಡನೇ ನಡೆಯಲ್ಲೇ ಹೋದರೆ ಬ್ರೆಜಿಲ್‌ನ ಒಕ್ಟಾವಿಯೊ ಟ್ರಾಂಪೋವ್‌ಸ್ಕಿ ಹೆಸರಿನ ಓಪನಿಂಗ್. ಕಾರ್ಲ್‌ಸನ್ 2016ರಲ್ಲಿ ನ್ಯೂಯಾರ್ಕ್‌ನಲ್ಲಿ ಕರ್ಯಾಕಿನ್ ವಿರುದ್ಧ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟವನ್ನೇ ಟ್ರಾಂಪೋವ್‌ಸ್ಕಿಯಿಂದ ತೆರೆದಿದ್ದರು, ಅದು ಡ್ರಾ ಆಯಿತು. ಇದು ಚುರುಕಿನ ಓಪನಿಂಗ್, ಆದರೆ ಸರಳವಲ್ಲ. ಕಪ್ಪಿನವರ ಕುದುರೆ ಇ4ಕ್ಕೆ ನೆಗೆದ ಮೇಲೆ ಬೇರೆಯೇ ಓದು ಬೇಕಾಗುತ್ತದೆ. ಸಮಯ ಉಳಿಸಲು ಸಿಸ್ಟಂ ಹುಡುಕುತ್ತಿರುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಟೊರೆಯ ಕತೆ ಮಾತ್ರ ಹೇಳದೆ ಮುಂದೆ ಹೋಗಲಾರೆ. ಮೆಕ್ಸಿಕೊದ ಕಾರ್ಲೋಸ್ ಟೊರೆ 1925ರ ಮಾಸ್ಕೋ ಟೂರ್ನಿಗೆ ಬಂದಾಗ ಇಪ್ಪತ್ತರ ಆಸುಪಾಸಿನ ಹುಡುಗ. ಎದುರಿಗೆ ಇಪ್ಪತ್ತೇಳು ವರ್ಷ ವಿಶ್ವ ಚಾಂಪಿಯನ್ ಆಗಿದ್ದ ಇಮ್ಯಾನುಯೆಲ್ ಲಾಸ್ಕರ್. ಮೂರನೇ ನಡೆಯಲ್ಲಿ ಒಂಟೆ ಜಿ5ಕ್ಕೆ. ಹದಿನಾಲ್ಕನೆಯದರಲ್ಲಿ ಅದೇ ಒಂಟೆ ಮನೆಗೆ, ಸಿ1ಕ್ಕೆ, ವಾಪಸು. ಹತ್ತೊಂಬತ್ತನೆಯದರಲ್ಲಿ ಮತ್ತೆ ಜಿ5. ಇಪ್ಪತ್ತೈದನೆಯದರಲ್ಲಿ ಎಫ್6ಕ್ಕೆ ಹೋಗಿ ನಿಂತು, ತನ್ನ ರಾಣಿಯನ್ನೇ ಬಿಟ್ಟುಕೊಟ್ಟಿತು. ಲಾಸ್ಕರ್ ರಾಣಿಯನ್ನು ತೆಗೆದುಕೊಂಡರು. ಆಮೇಲೆ ಟೊರೆಯ ಆನೆ ಜಿ7ಕ್ಕೆ ಬಂದು ಚೆಕ್, ಅಲ್ಲಿಂದ ಸರಿದು ಒಂದು ಕಾಲಾಳು ಹೊಡೆದರೆ ಹಿಂದಿನ ಒಂಟೆಯಿಂದ ಚೆಕ್, ಮತ್ತೆ ಜಿ7, ಮತ್ತೆ ಚೆಕ್. ಗಾಣದೆತ್ತು ಸುತ್ತಿದಂತೆ ಆನೆ ಸುತ್ತುತ್ತಾ ಒಂದೊಂದೇ ಕಾಯಿ ಎತ್ತಿಕೊಂಡು ಕೊನೆಗೆ ರಾಣಿಯನ್ನೂ ಮರಳಿ ಪಡೆಯಿತು. ಚೆಸ್ ಪುಸ್ತಕಗಳು ಇದನ್ನು ಗಾಳಿಗಿರಣಿ ಎನ್ನುತ್ತವೆ. ಮರುವರ್ಷ, 1926ರಲ್ಲಿ, ಆರೋಗ್ಯ ಕೆಟ್ಟು ಟೊರೆ ದೊಡ್ಡ ಟೂರ್ನಿಗಳಿಂದ ದೂರವಾದರು. ಒಂಟೆಯನ್ನು ಒಮ್ಮೆ ಹೊರಗೆ ತಂದಮೇಲೆ ಹಿಂದೆ ಕರೆಯಬಾರದು ಎಂದುಕೊಂಡವರು ಆ ಹದಿನಾಲ್ಕನೇ ನಡೆಯನ್ನು ನೆನಪಿಡಬೇಕು.

ಜಾರ್ಜಿಯಾದ ಗ್ರ್ಯಾಂಡ್‌ಮಾಸ್ಟರ್ ಬಾದೂರ್ ಜೊಬಾವ ಲಂಡನ್‌ಗೆ ತಮ್ಮದೇ ಒಂದು ತಿರುವು ಕೊಟ್ಟಿದ್ದಾರೆ: ಒಂಟೆ ಎಫ್4ಕ್ಕೆ, ಆದರೆ ಸಿ3ಕ್ಕೆ ಕಾಲಾಳಿನ ಬದಲು ಕುದುರೆ. ಆ ಕುದುರೆ ಬಿ5ಕ್ಕೆ ನೆಗೆದರೆ ಒಂಟೆಯೊಡನೆ ಸೇರಿ ಸಿ7ರ ಮೇಲೆ ಬೀಳುತ್ತದೆ. ಮೊಬೈಲಿನಲ್ಲಿ ಮೂರು ನಿಮಿಷದ ಆಟ ಆಡುವ ಹುಡುಗರಿಗೆ ಇದು ಬಲು ಪ್ರಿಯ. ಎದುರಾಳಿ ಸರಿಯಾಗಿ ಉತ್ತರಿಸಿದರೆ ನಮ್ಮ ಸಿ ಕಾಲಾಳು ಕುದುರೆಯ ಹಿಂದೆ ಸಿಕ್ಕಿ, ನಡುವಿನ ಹೋರಾಟಕ್ಕೆ ಬರಲಾಗುವುದಿಲ್ಲ.

ಸ್ಟೋನ್‌ವಾಲ್ ಬೇಡ. ಡಿ4, ಇ3, ಎಫ್4, ಸಿ3 ಎಂದು ಕಲ್ಲುಗೋಡೆ ಕಟ್ಟಿದರೆ ಸಿ1ರ ಒಂಟೆ ಅದರ ಹಿಂದೆ ಹೂತುಹೋಗುತ್ತದೆ. ಹೊರತರಲು ಡಿ2, ಇ1, ಎಚ್4 ಎಂದು ಮೂರು ನಡೆಯ ತಿರುಗಾಟ. ಇ4ಕ್ಕೆ ಬಂದು ಕೂರುವ ಕಪ್ಪು ಕುದುರೆಯನ್ನು ಓಡಿಸಲು ಒಂದು ಕಾಲಾಳೂ ಉಳಿದಿರುವುದಿಲ್ಲ. ಆಟ ಗೊತ್ತಿಲ್ಲದವರ ಎದುರು ಇದು ಬೇಗ ಗೆಲುವು ಕೊಡುತ್ತದೆ, ಅದೇ ಅಪಾಯ. ಆ ಗೆಲುವುಗಳ ರುಚಿ ಹತ್ತಿ ಅದರಲ್ಲೇ ನಿಂತುಬಿಟ್ಟ ಮಕ್ಕಳು ಬಲವಾದ ಎದುರಾಳಿಗಳು ಸಿಕ್ಕಾಗ ಕಂಗೆಡುವುದನ್ನು ನೋಡಿದ್ದೇನೆ.

ಯಾರಿಗೆ ಯಾವುದು

ಕೆಲಸ, ಸಂಸಾರದ ನಡುವೆ ಆಡುವ ದೊಡ್ಡವರಿಗೆ ನನ್ನ ಸಲಹೆ ಲಂಡನ್. ಅದರಲ್ಲೂ ಎರಡನೇ ನಡೆಯಲ್ಲೇ ಒಂಟೆ ಎಫ್4ಕ್ಕೆ ಬರುವ ಕ್ರಮ. ಕುದುರೆಯನ್ನು ಮೊದಲು ಎಫ್3ಕ್ಕೆ ತಂದರೂ ತಪ್ಪಿಲ್ಲ, ಆದರೆ ಒಂಟೆ ಮೊದಲು ಬಂದರೆ ಕುದುರೆ ಯಾವಾಗ, ಎಲ್ಲಿಗೆ ಎಂಬ ತೀರ್ಮಾನ ನಮ್ಮ ಕೈಯಲ್ಲೇ ಇರುತ್ತದೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಮೊದಲು ಕೋಲೆಯನ್ನೇ ಕಲಿಸುತ್ತೇನೆ. ಇ4 ಎಂಬ ಒಂದೇ ನಡೆಗಾಗಿ ಎಲ್ಲ ಕಾಯಿಗಳನ್ನೂ ಅಣಿಗೊಳಿಸುವುದು, ಆ ನಡೆ ಆಡಿದ ಮೇಲೆ ದಾಳಿ ಹೇಗೆ ತಾನಾಗಿ ಹುಟ್ಟುತ್ತದೆ ಎಂಬುದು ಅಲ್ಲಿ ಅವರಿಗೆ ಕಣ್ಣಿಗೆ ಕಾಣುತ್ತದೆ. ಎಚ್7ರ ಬಲಿ ಯಾವಾಗ ನಡೆಯುತ್ತದೆ, ಯಾವಾಗ ನಡೆಯುವುದಿಲ್ಲ ಎಂದು ಲೆಕ್ಕ ಹಾಕುವುದನ್ನು ಅವರು ಆಟವಾಡುತ್ತಲೇ ಕಲಿಯುತ್ತಾರೆ. ಆಮೇಲೆ ಒಂದೆರಡು ವರ್ಷಕ್ಕೆ ಸಿ4ಕ್ಕೆ, ಕ್ವೀನ್ಸ್ ಗ್ಯಾಂಬಿಟ್‌ಗೆ ದಾಟಿಸಬೇಕು. ಬೆಳೆಯುವ ಮಕ್ಕಳನ್ನು ಒಂದೇ ಸಿಸ್ಟಂನಲ್ಲಿ ಬಹುಕಾಲ ಇಡುವುದು ಸರಿಯಲ್ಲ, ಬೇರೆ ಬೇರೆ ಕಾಲಾಳು ವಿನ್ಯಾಸಗಳ ಪರಿಚಯ ಅವರಿಗೆ ಆಗಲೇಬೇಕು.

2024ರ ಮಾರ್ಚ್‌ನಿಂದ ಫಿಡೆ ರೇಟಿಂಗ್‌ನ ತಳಮಿತಿ 1400. ಆ ಮಟ್ಟದಿಂದ ಹೊರಟವರಿಗೆ 1800ರವರೆಗೂ ಈ ಸಿಸ್ಟಂಗಳಲ್ಲಿ ಯಾವುದಾದರೊಂದು ಸಾಕು ಎಂದು ನಾನು ನಂಬಿದ್ದೇನೆ. ಆ ಹಂತದಲ್ಲಿ ಆಟಗಳನ್ನು ಸೋಲುವುದು ಓಪನಿಂಗ್‌ನಿಂದಲ್ಲ, ಹದಿನೈದನೇ ನಡೆಯ ಆಚೆ ಒಂದು ಕಾಯಿಯನ್ನು ಕಾಣದೆ ಬಿಟ್ಟುಕೊಡುವುದರಿಂದ. ಓಪನಿಂಗ್‌ಗೆ ಉಳಿಸಿದ ಸಮಯವನ್ನು ತಂತ್ರದ ಲೆಕ್ಕಗಳಿಗೆ, ಆನೆ–ಕಾಲಾಳಿನ ಕೊನೆಯಾಟಗಳಿಗೆ ಕೊಟ್ಟರೆ ಫಲ ಬೇಗ ಕಾಣುತ್ತದೆ.

ಕಲಿಯುವ ಕ್ರಮವೂ ಮುಖ್ಯ. ಹತ್ತಾರು ವಿಡಿಯೊ ನೋಡಿ ಇಪ್ಪತ್ತು ನಡೆಗಳನ್ನು ಬಾಯಿಪಾಠ ಮಾಡುವವರಿದ್ದಾರೆ. ಎದುರಾಳಿ ಐದನೇ ನಡೆಯಲ್ಲೇ ಬೇರೆ ದಾರಿ ಹಿಡಿದಾಗ ಆ ಪಾಠವೆಲ್ಲ ಕೈಕೊಡುತ್ತದೆ. ಬದಲಿಗೆ ಒಂದು ಸಿಸ್ಟಂ ಆರಿಸಿ, ಇಪ್ಪತ್ತು ಆಟ ಬಿಳಿಯಲ್ಲಿ ಅದನ್ನೇ ಆಡಿ. ಮೂರು ನಿಮಿಷದ ಆಟ ಬೇಡ, ಕನಿಷ್ಠ ಹದಿನೈದು ನಿಮಿಷದ್ದು ಇರಲಿ. ಪ್ರತಿ ಆಟದ ನಂತರ ನೋಟ್‌ಬುಕ್ಕಿನಲ್ಲಿ ಮೂರೇ ಸಂಗತಿ ಬರೆದಿಡಿ: ಸಿ1ರ ಒಂಟೆ ಕೊನೆಗೆ ಎಲ್ಲಿ ನಿಂತಿತು, ಇ4 ಅಥವಾ ಸಿ4 ಎಂಬ ಒಡೆಯುವ ನಡೆಯನ್ನು ಆಡಿದ್ದು ಯಾವಾಗ ಅಥವಾ ಏಕೆ ಆಡಲಾಗಲಿಲ್ಲ, ಎದುರಾಳಿಯ ಯಾವ ನಡೆಗೆ ಉತ್ತರ ಹೊಳೆಯಲಿಲ್ಲ. ಇಪ್ಪತ್ತು ಆಟಗಳ ಮೇಲೆ ಆ ಪುಟಗಳನ್ನು ತಿರುವಿದರೆ ನಿಮಗೆ ಬೇಕಾದ ಓದು ಯಾವುದು ಎಂದು ನಿಮಗೇ ಗೊತ್ತಾಗುತ್ತದೆ. ಮೊಬೈಲಿನ ಎಂಜಿನ್ ಅನ್ನು ಆಮೇಲಷ್ಟೇ ತೆರೆಯಿರಿ. ಅದು ಸರಿಯಾದ ನಡೆ ಯಾವುದೆಂದು ಹೇಳುತ್ತದೆ, ನಿಮ್ಮ ನಡೆ ಏಕೆ ತಪ್ಪಿತು ಎಂಬುದನ್ನು ನೀವೇ ಕಂಡುಕೊಳ್ಳಬೇಕು.

ಮುಂದಿನ ಭಾನುವಾರ ಬಿಳಿ ಕಾಯಿ ಸಿಕ್ಕಾಗ ಡಿ4 ಆಡಿ, ಎರಡನೇ ನಡೆಗೆ ಒಂಟೆಯನ್ನು ಎಫ್4ಕ್ಕೆ ತನ್ನಿ. ಎದುರಾಳಿಯ ರಾಣಿ ಬಿ6ಕ್ಕೆ ಬಂದರೆ ನಿಮ್ಮ ರಾಣಿ ಬಿ3ಕ್ಕೆ. ಎಫ್5ರ ಒಂಟೆಯನ್ನು ಮಾತ್ರ ಹೊಡೆಯಬೇಡಿ.